ಮೊದಲು ಅತ್ತೆಯ ಮುಂದೆ ಹೇಳಿ, ಆಮೇಲೆ ಇಮೇಲ್ ಬರೆಯಿರಿ

ಬೀದಿ ದೀಪಗಳು ಇನ್ನೂ ಆರಿಲ್ಲ. ಮೂರನೇ ಮಹಡಿಯ ಆ ಮನೆಯ ಬಾಗಿಲು ಮಾತ್ರ ಆಗಲೇ ತೆರೆದಿದೆ. ಹೊರಗೆ ಮೆಟ್ಟಿಲ ಮೇಲೆ ಚಪ್ಪಲಿ, ಶೂಗಳು ಒಂದರ ಮೇಲೊಂದು ಬಿದ್ದಿವೆ. ಒಳಗೆ ಊಟದ ಮೇಜೇ ತರಗತಿ. ಮೇಡಂ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಎರಡು ಹಳೆಯ ಲ್ಯಾಪ್‌ಟಾಪ್ ಇಟ್ಟು, ಫ್ರಿಜ್ಜಿನ ಪ್ಲಗ್ ಕಿತ್ತು ಅಲ್ಲಿಗೆ ಅವುಗಳ ವೈರು ಸಿಕ್ಕಿಸುತ್ತಾರೆ. ಹೈಸ್ಕೂಲು, ಕಾಲೇಜಿನ ಹುಡುಗ ಹುಡುಗಿಯರು ಆಕಳಿಸುತ್ತಾ ಸುತ್ತ ಕೂತಿದ್ದಾರೆ. ಆದರೆ ಯಾರೂ ಕೀಲಿಮಣೆ ಮುಟ್ಟುವಂತಿಲ್ಲ. ಮೊದಲು ಕಿಟಕಿಯ ಬಳಿ ಬಟಾಣಿ ಬಿಡಿಸುತ್ತಾ ಕೂತಿರುವ ಮೇಡಂ ಅವರ ಅತ್ತೆಯನ್ನು ದಾಟಬೇಕು.

ಇವತ್ತಿನ ಮೊದಲ ಸರದಿ ಒಬ್ಬ ಉದ್ದನೆಯ ಹುಡುಗನದು. ಕೈಕಟ್ಟಿ ನಿಲ್ಲುತ್ತಾನೆ.

"ಅಜ್ಜಿ, ಲೈಬ್ರರಿಯವರಿಗೆ ಬರೀಬೇಕು. ಅಲ್ಲಿ ಸಂಜೆ ತುಂಬಾ ಜನ ಇರ್ತಾರೆ. ಕುರ್ಚಿ ಸಿಗಲ್ಲ. ಫ್ಯಾನ್ ಬೇರೆ ಸದ್ದು ಮಾಡುತ್ತೆ. ಪರೀಕ್ಷೆ ಹತ್ತಿರ ಬಂತು."

"ಅಯ್ಯೋ ಪಾಪ," ಎನ್ನುತ್ತಾರೆ ಅತ್ತೆ. "ಅದಕ್ಕೆ ನಾನೇನಪ್ಪಾ ಮಾಡ್ಲಿ?"

ಹುಡುಗ ತಲೆ ಕೆರೆದುಕೊಳ್ಳುತ್ತಾನೆ. "ಅದು... ಬೆಳಿಗ್ಗೆ ಒಂದು ಗಂಟೆ ಬೇಗ ಬಾಗಿಲು ತೆಗೀತೀರಾ ಅಂತ ಕೇಳೋಣ ಅಂತ."

"ಅದನ್ನ ಮೊದಲೇ ಹೇಳೋಕೆ ನಿನಗೇನು ಧಾಡಿ?" ಅತ್ತೆ ಒಂದು ಬಟಾಣಿ ಕಾಳನ್ನು ಅವನ ಅಂಗೈಗೆ ಹಾಕುತ್ತಾರೆ. ಕಾಳು ಸಿಕ್ಕಿತೆಂದರೆ ಪಾಸು. ಹುಡುಗ ಅದನ್ನು ಬಾಯಿಗೆ ಹಾಕಿಕೊಂಡು ಲ್ಯಾಪ್‌ಟಾಪಿನತ್ತ ಓಡುತ್ತಾನೆ.

ಇಂಗ್ಲಿಷಿನಲ್ಲಿ ಔಪಚಾರಿಕ ಇಮೇಲ್ ಬರೆಯುವುದನ್ನು ಹದಿಹರೆಯದವರಿಗೆ ಕಲಿಸುವ ಶಾಲೆ ಇದು. ಬೋರ್ಡಿಲ್ಲ, ಬೆಂಚಿಲ್ಲ. ಇಂಗ್ಲಿಷಿನ ಗಂಧಗಾಳಿಯೂ ಇಲ್ಲದ ಅತ್ತೆಯೇ ಇಲ್ಲಿ ಮೊದಲ ಪರೀಕ್ಷಕಿ. ಮೇಡಂ ಅದಕ್ಕೆ ನಾಚಿಕೊಳ್ಳುವುದಿಲ್ಲ. "ನನ್ನ ಪಾಠ ಚೆನ್ನಾಗಿದೆ, ಅದು ನನಗೂ ಗೊತ್ತು," ಎನ್ನುತ್ತಾರೆ. "ಆದ್ರೆ ಅರ್ಧ ಪಾಠ ನಮ್ಮತ್ತೇದು."

ಮೇಡಂ ಕಲಿತದ್ದು ಕಾಲೇಜಿಗಿಂತ ಹೆಚ್ಚಾಗಿ ಒಂದು ಬಸ್ ಕಂಪನಿಯ ದೂರು ವಿಭಾಗದಲ್ಲಿ. ಮದುವೆಯಾದ ಹೊಸದರಲ್ಲಿ ಸೇರಿದವರು, ತಲೆಗೂದಲು ನರೆಯುವವರೆಗೂ ಅಲ್ಲೇ ಕೂತು ಅಪರಿಚಿತರ ಪತ್ರ, ಆಮೇಲೆ ಇಮೇಲ್ ಓದಿದರು. ಕಳೆದುಹೋದ ಸೂಟ್‌ಕೇಸು, ಒದ್ದೆ ಸೀಟು, ಕಂಡಕ್ಟರನ ಬೈಗುಳ. "ಒಬ್ಬರು ಹಿರಿಯರು ಕೊಡೆ ಕಳಕೊಂಡಿದ್ರು. ಅದರ ಹಿಡಿ ಹೇಗಿತ್ತು, ಯಾರು ಕೊಡಿಸಿದ್ದು, ಎಲ್ಲಾ ಎರಡು ಪುಟ ಬರೆದಿದ್ರು. ಓದಿ ನನಗೆ ಕಣ್ಣಲ್ಲಿ ನೀರು ಬಂತು. ಯಾವ ಬಸ್ಸು ಅಂತ ಮಾತ್ರ ಬರೆದಿರಲಿಲ್ಲ! ಕೆಳಗೆ ಫೋನ್ ನಂಬರೂ ಇಲ್ಲ. ನಾನು ಕಣ್ಣೀರು ಇಟ್ಕೊಂಡು ಏನು ಮಾಡ್ಲಿ?" ಆಮೇಲೆ ಕಂಪನಿಯವರು ಉತ್ತರ ಕೊಡುವ ಕೆಲಸವನ್ನು ಯಂತ್ರಕ್ಕೆ ವಹಿಸಿ, ಮೇಡಂಗೆ ಒಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ಗಡಿಯಾರ ಆರು ತಿಂಗಳಿಗೇ ನಿಂತುಹೋಯಿತು, ಮೇಡಂ ನಿಲ್ಲಲಿಲ್ಲ.

ಮೊದಲು ಬಂದದ್ದು ಕೆಳಮನೆಯ ಎಲೆಕ್ಟ್ರಿಷಿಯನ್ನನ ಮಗಳು, ಯಾವುದೋ ಅರ್ಜಿ ಹಿಡಿದುಕೊಂಡು. ಅವಳ ಇಂಗ್ಲಿಷಿನಲ್ಲಿ ತಪ್ಪು ಹುಡುಕಿದರೂ ಸಿಗಲಿಲ್ಲ. ಆದರೂ ಏನೋ ಸರಿಯಿಲ್ಲ ಎಂದು ಮೇಡಂ ಕನ್ನಡಕ ಒರೆಸುತ್ತಾ ಕೂತಿದ್ದಾಗ, ಅಡುಗೆಮನೆಯಿಂದ ಅತ್ತೆ, "ಏನಂತೆ ಅದು? ನಮಗೆ ತಿಳಿಯೋ ಹಾಗೆ ಹೇಳು," ಎಂದರು. ಸೊಸೆ ಹೇಳಿದರು. ಎಲ್ಲ ಕೇಳಿಸಿಕೊಂಡು ಅತ್ತೆ, "ಅದಕ್ಕೆ ನಾನೇನು ಮಾಡ್ಲಿ?" ಎಂದರು. "ಮದುವೆಯಾದಾಗಿಂದ ನನಗೆ ಇದೇ ಮಾತು ಹೇಳ್ತಿದ್ರು," ಎಂದು ಮೇಡಂ ನಗುತ್ತಾರೆ. "ಅವತ್ತೇ ಮೊದಲ ಸಲ ಉಪಯೋಗಕ್ಕೆ ಬಂತು."

ಅತ್ತೆ ಕಿಟಕಿಯ ಕಡೆಯಿಂದಲೇ ಉತ್ತರ ಕೊಡುತ್ತಾರೆ: "ಉಪಯೋಗಕ್ಕೆ ತಗೊಂಡಿದ್ದು ಅವತ್ತು ಅಂತ ಹೇಳು. ಮಾತು ಮೊದಲಿಂದಲೂ ಚೆನ್ನಾಗೇ ಇತ್ತು."

ಮಕ್ಕಳ ತಪ್ಪುಗಳಲ್ಲಿ ಬಗೆಬಗೆ. ಕೆಲವರು ಓದುವವರನ್ನು ಹೊಗಳಿ ಅಟ್ಟಕ್ಕೇರಿಸಿ ವಿಷಯವನ್ನೇ ಮರೆಯುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ. ಕೆಲವರು ಸಬ್ಜೆಕ್ಟ್ ಜಾಗವನ್ನು ಖಾಲಿ ಬಿಡುತ್ತಾರೆ. ಒಬ್ಬನಂತೂ ಆಸ್ಪತ್ರೆಯಲ್ಲಿ ಸ್ವಯಂಸೇವಕನಾಗುತ್ತೇನೆಂದು 'ಡೇಂಜರ್ ಕಿಂಗ್' ಎಂಬ ವಿಳಾಸದಿಂದ ಬರೆದಿದ್ದ. ಈಗೆಲ್ಲ ಫೋನೇ ಬರೆದುಕೊಡುವಾಗ ನಿಮ್ಮ ಪಾಠ ಯಾರಿಗೆ ಬೇಕು ಎಂದು ಪಕ್ಕದ ಮನೆಯವರು ಚುಚ್ಚುವುದುಂಟು. "ಬರೆಯುತ್ತೆ, ನನಗಿಂತ ಚೆನ್ನಾಗೇ ಬರೆಯುತ್ತೆ," ಎನ್ನುತ್ತಾರೆ ಮೇಡಂ, ಕೋಪವಿಲ್ಲದೆ. "ಆದ್ರೆ ನಿನಗೇನು ಬೇಕು ಅಂತ ಮೊದಲು ಅದಕ್ಕೂ ನೀನೇ ಹೇಳ್ಬೇಕಲ್ಲಪ್ಪಾ?"

ಬೆಳಕು ಹರಿಯುವ ಹೊತ್ತಿಗೆ ಮೆಟ್ಟಿಲ ಮೇಲೆ ಧಡಧಡ ಸದ್ದು. ಬೀಗ ರಿಪೇರಿಯ ಅಂಗಡಿಯವರು ಮಗಳ ಕೈ ಹಿಡಿದು ಬಂದಿದ್ದಾರೆ. ಮಗಳು ಇದೇ ಮೇಜಿನ ಹಳೆಯ ವಿದ್ಯಾರ್ಥಿನಿ. ಮಾತಿಗೊಮ್ಮೆ ಕ್ಷಮೆ ಕೇಳುವುದರಿಂದ ಗೆಳತಿಯರು ಇಟ್ಟ ಹೆಸರು ಸಾರಿಪುಟ್ಟಿ. ಕುರ್ಚಿಗೆ ಕಾಲು ತಗುಲಿದರೆ ಕುರ್ಚಿಗೂ ಸಾರಿ ಹೇಳುವವಳು.

ಅವಳಿಗೆ ಕನ್ನಡಕದ ಗಾಜು ತಯಾರಿಸುವ ಸಂಸ್ಥೆಯೊಂದರ ತರಬೇತಿಗಾಗಿ ಸಂದರ್ಶನದ ಕರೆ ಬಂದಿತ್ತು. ನಿನ್ನೆ ಹೋಗುವಾಗ ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ತಲುಪುವಷ್ಟರಲ್ಲಿ ಬಾಗಿಲು ಹಾಕಿದ್ದರು. ಗಾಬರಿಯಲ್ಲಿ, ಯಾರನ್ನೂ ಕೇಳದೆ, ಅಲ್ಲೇ ಗೇಟಿನ ಮುಂದೆ ನಿಂತು ಫೋನಿನಿಂದ ಇಮೇಲ್ ಕಳಿಸಿದಳು. ಸಂಜೆಯೇ ಉತ್ತರ ಬಂತು. 'ವಿಷಯ ತಿಳಿಸಿದ್ದಕ್ಕೆ ಧನ್ಯವಾದಗಳು.' ಅಷ್ಟೇ. ಇವತ್ತು ಮಧ್ಯಾಹ್ನ ಪಟ್ಟಿ ಅಂತಿಮವಾಗುತ್ತದೆ. ಮುಂದಿನ ತಂಡ ಬರುವ ವರ್ಷ. ಅಲ್ಲಿಯವರೆಗೆ ಮನೆಯಲ್ಲಿ ಕೂರಿಸುವುದೇಕೆ ಎಂದು ಸೋದರಮಾವನ ರಟ್ಟಿನ ಪೆಟ್ಟಿಗೆ ಅಂಗಡಿಯಲ್ಲಿ ಅವಳಿಗೆ ಆಗಲೇ ಒಂದು ಸ್ಟೂಲು ಗೊತ್ತಾಗಿದೆ. ಅಲ್ಲಿ ಕೂತವರು ಎದ್ದು ಬಂದದ್ದನ್ನು ಅವರ ಮನೆಯಲ್ಲಿ ಯಾರೂ ಕಂಡಿಲ್ಲ.

ಅವಳು ಕಳಿಸಿದ ಇಮೇಲನ್ನು ಮೇಡಂ ಓದುತ್ತಾರೆ. ಬಸ್ಸು ಕೆಟ್ಟದ್ದಿದೆ, ಡ್ರೈವರ್ ಫೋನ್ ಮಾಡಿದ್ದಿದೆ, ಓಡಿ ಬಂದದ್ದಿದೆ. ಸಾಲಿಗೊಂದು ಕ್ಷಮೆಯಿದೆ. ಇನ್ನೊಂದು ದಿನ ಸಂದರ್ಶನ ಮಾಡುವಿರಾ ಎಂಬ ಮಾತು ಮಾತ್ರ ಎಲ್ಲೂ ಇಲ್ಲ.

"ಕೇಳಲೇ ಇಲ್ಲವಲ್ಲೇ, ಪುಟ್ಟಾ?"

"ತಪ್ಪು ನಂದೇ ಅಲ್ವಾ ಮೇಡಂ. ತಡವಾಗಿ ಹೋಗಿ ಮತ್ತೆ ಕೇಳೋದಾ? ಅವರೇ ಅರ್ಥ ಮಾಡ್ಕೊಂಡು ಕರೀತಾರೆ ಅಂದ್ಕೊಂಡೆ. ಸಾರಿ."

ಈ ಮಕ್ಕಳಿಗಷ್ಟೇ ಬರುವ ತಪ್ಪು ಇದು, ಎನ್ನುತ್ತಾರೆ ಮೇಡಂ. ದೊಡ್ಡವರ ಎದುರು ಬಾಯಿಬಿಟ್ಟು ಕೇಳುವುದು ಸೊಕ್ಕು ಎಂದು ಕಲಿತು ಬೆಳೆದವರು ಕಷ್ಟವನ್ನಷ್ಟೇ ಹೇಳಿ ಸುಮ್ಮನಾಗುತ್ತಾರೆ. ಮನೆಯಲ್ಲಾದರೆ ಅಮ್ಮ ಮುಖ ನೋಡಿಯೇ ತಿಳಿದುಕೊಳ್ಳುತ್ತಾಳೆ. ಇಮೇಲಿನಲ್ಲಿ ಮುಖ ಕಾಣುವುದಿಲ್ಲ.

ಅಪ್ಪನಿಗೆ ಈ ವಿಚಾರವೆಲ್ಲ ಬೇಡ. "ಮೇಡಂ, ನೀವೇ ಎರಡು ಸಾಲು ಬರೆದುಬಿಡಿ. ನಿಮಗೇನು, ನೀರು ಕುಡಿದಷ್ಟು ಸುಲಭ."

"ಬೀಗದ ಕೆಲಸ ಕಲಿಯೋಕೆ ಬಂದ ಹುಡುಗನಿಗೆ ನೀವೇ ಬೀಗ ತೆಗೆದುಕೊಟ್ಟು ಕಳಿಸ್ತೀರಾ, ಯಜಮಾನ್ರೇ?"

"ಗಿರಾಕಿ ಬೀದೀಲಿ ನಿಂತಿದ್ರೆ ನಾನೇ ತೆಗೀತೀನಿ ಮೇಡಂ! ಪಾಠ ನಾಳೆ!"

ಮೇಜಿನ ಸುತ್ತ ಕೂತವರೆಲ್ಲ ನಗುತ್ತಾರೆ. ಮೇಡಂಗೂ ನಗು ಬರುತ್ತದೆ, ಏಕೆಂದರೆ ಮಾತು ಸರಿಯಾಗಿದೆ. ಆದರೂ ಜಗ್ಗುವುದಿಲ್ಲ. "ನಾನು ಬರೆದ್ರೆ ಅವರು ನನ್ನ ಇಮೇಲ್ ಓದಿ ನಿಮ್ಮ ಮಗಳನ್ನ ಕರೀತಾರೆ. ಎದುರು ಕೂತಾಗ ಯಾರು ಮಾತಾಡ್ತಾರೆ? ಅವಳೇ ಬರೀತಾಳೆ. ಹೊತ್ತಿದೆ." ಹಾಗೆ ಹೇಳುವಾಗ ಹೆದರಿಕೆಯಾಗಲಿಲ್ಲವೇ ಎಂದರೆ ಮೇಡಂ ಮುಚ್ಚುಮರೆ ಮಾಡುವುದಿಲ್ಲ. "ಆಯ್ತಪ್ಪಾ. ಹುಡುಗಿ ಬಾಳು ಅಲ್ವಾ? ಆದ್ರೆ ಅವಳಿಗೆ ಬರುತ್ತೆ ಅನ್ನೋದೂ ನನಗೆ ಗೊತ್ತಿತ್ತು."

ಸಾರಿಪುಟ್ಟಿ ಅತ್ತೆಯ ಮುಂದೆ ನಿಲ್ಲುತ್ತಾಳೆ. ಬಸ್ಸಿನ ಕಥೆ ಶುರುವಾಗುತ್ತದೆ. ಅತ್ತೆ ತಡೆಯುತ್ತಾರೆ. "ಬಸ್ಸು ಕೆಡ್ತು, ಗೊತ್ತಾಯ್ತು. ಮುಂದೆ?" ಹುಡುಗಿ ಕ್ಷಮೆ ಕೇಳುತ್ತಾಳೆ. "ಕ್ಷಮಿಸಿದೆ. ಮುಂದೆ?" ಹುಡುಗಿಯ ಕಣ್ಣು ತುಂಬಿಕೊಳ್ಳುತ್ತದೆ. ಅಪ್ಪ ಬಾಯಿ ಹಾಕಲು ಹೋದರೆ ಅತ್ತೆ ಕೈ ಎತ್ತಿ ಸುಮ್ಮನಿರಿಸುತ್ತಾರೆ.

"ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದನಂತೆ. ನಿನಗೂ ಬಾಯಿದೆ ತಾನೇ, ಮಗಳೇ? ಏನು ಬೇಕು ನಿನಗೆ?"

"ಇನ್ನೊಂದು ದಿನ ಬೇಕು," ಎನ್ನುತ್ತಾಳೆ ಹುಡುಗಿ. ಮತ್ತೆ ಗಟ್ಟಿಯಾಗಿ, "ಇನ್ನೊಂದು ಸಲ ನನ್ನನ್ನ ಸಂದರ್ಶನಕ್ಕೆ ಕರೀರಿ."

"ಯಾಕೆ ಕರೀಬೇಕು? ಊರಲ್ಲಿ ಬೇರೆ ಹುಡುಗಿಯರಿಲ್ವಾ?"

ಇದು ಪಾಠದಲ್ಲಿಲ್ಲದ ಪ್ರಶ್ನೆ. ಮೇಡಂ ಕೂಡ ತಿರುಗಿ ನೋಡುತ್ತಾರೆ. ಸಾರಿಪುಟ್ಟಿ ಮೂಗು ಒರೆಸಿಕೊಂಡು, ಅತ್ತೆಯ ಮುಖ ನೋಡಿಯೇ ಹೇಳುತ್ತಾಳೆ: "ಚಿಕ್ಕವಳಿದ್ದಾಗಿಂದ ಅಪ್ಪನ ಅಂಗಡೀಲಿ ಬೀಗದೊಳಗಿನ ಸ್ಪ್ರಿಂಗು ಕೂರಿಸೋದು ನಾನೇ. ಸಾಸಿವೆಯಷ್ಟಿರುತ್ತೆ. ನನ್ನ ಕೈ ನಡುಗಲ್ಲ."

ಕಾಳು ಕೊಡುವುದನ್ನೇ ಮರೆತು ಅತ್ತೆ ಅವಳ ಬೆನ್ನು ತಟ್ಟುತ್ತಾರೆ. ಅಪ್ಪ ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಾರೆ.

ಇಮೇಲ್ ಬರೆಯಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಬಸ್ಸಿಗೆ ಒಂದು ಸಾಲು, ಕ್ಷಮೆಗೆ ಒಂದೇ ಸಾಲು, ಬೇಡಿಕೆಗೆ ಒಂದು, ಸ್ಪ್ರಿಂಗಿಗೆ ಒಂದು, ಕೆಳಗೆ ಹೆಸರು, ಫೋನ್ ನಂಬರು. ಮೇಡಂ ಪಕ್ಕದಲ್ಲಿ ಕೂತು ಎರಡು ಕಡೆ ಬೆರಳು ತೋರಿಸುತ್ತಾರೆ, ತಿದ್ದುವುದು ಅವಳೇ. ಕಳಿಸಿದ ಮೇಲೆ ಕಾಯುವ ಕೆಲಸ. ಉಳಿದ ಮಕ್ಕಳು ಒಬ್ಬೊಬ್ಬರಾಗಿ ಶಾಲೆ, ಕಾಲೇಜಿಗೆ ಹೋಗುತ್ತಾರೆ. ಅಪ್ಪ ಅಂಗಡಿಗೆ ಹೋಗುತ್ತೇನೆನ್ನುತ್ತಾ ಮೂರು ಸಲ ಬಾಗಿಲವರೆಗೆ ಹೋಗಿ ವಾಪಸು ಬರುತ್ತಾರೆ. ಮೇಡಂ ಚಹಾಕ್ಕೆ ನೀರಿಟ್ಟು, ಸಕ್ಕರೆ ಹಾಕಿದೆನೋ ಇಲ್ಲವೋ ತಿಳಿಯದೆ ಮತ್ತೆ ಹಾಕುತ್ತಾರೆ. ಪಾಯಸದಂತಾದ ಆ ಚಹಾವನ್ನು ಯಾರೂ ದೂರದೆ ಕುಡಿಯುತ್ತಾರೆ.

ಬಿಸಿಲು ಮೇಜಿನ ತುದಿಗೆ ಬಂದಾಗ ಲ್ಯಾಪ್‌ಟಾಪ್ ಟಿಣ್ ಎನ್ನುತ್ತದೆ. ಅಡುಗೆಮನೆಯಲ್ಲಿದ್ದ ಮೇಡಂ ಲೋಟ ಕೆಳಗಿಟ್ಟು, ಕನ್ನಡಕ ಎಲ್ಲಿ, ಕನ್ನಡಕ ಎಲ್ಲಿ ಎಂದು ಹುಡುಕುತ್ತಾರೆ. ಅದು ಅವರ ತಲೆಯ ಮೇಲೆಯೇ ಇದೆ ಎಂದು ಅತ್ತೆ ಹೇಳಿ, ಅದನ್ನು ಮೂಗಿಗೆ ಇಳಿಸಿಕೊಂಡು ಮೇಡಂ ಮೇಜಿನ ಹತ್ತಿರ ಬರುವಷ್ಟರಲ್ಲಿ ಹುಡುಗಿ ಓದಿಯೂ ಆಗಿದೆ, ಟೈಪು ಮಾಡಿಯೂ ಆಗಿದೆ, ಕಳಿಸಿಯೂ ಆಗಿದೆ.

"ಏನಂತೆ? ಏನು ಬರೆದೆ?"

"ಪಟ್ಟಿ ತಡೆದಿಟ್ಟಿದ್ದಾರಂತೆ ಮೇಡಂ. ಸಂದರ್ಶನಕ್ಕೆ ಸೋಮವಾರ ಬೆಳಿಗ್ಗೆನೋ ಮಧ್ಯಾಹ್ನನೋ ಅಂತ ಕೇಳಿದ್ರು. ಬೆಳಿಗ್ಗೆ ಬರ್ತೀನಿ ಅಂದೆ," ಎನ್ನುತ್ತಾಳೆ ಸಾರಿಪುಟ್ಟಿ. "ಸಂದರ್ಶನ ಆದ್ಮೇಲೆ ಗಾಜು ಉಜ್ಜೋ ಮೆಷಿನ್ ಒಂದು ಸಲ ನೋಡಬಹುದಾ ಅಂತಾನೂ ಕೇಳಿದೆ."

ಅಪ್ಪ ಎರಡೂ ಕೈ ತಲೆಯ ಮೇಲಿಟ್ಟುಕೊಳ್ಳುತ್ತಾರೆ. ಕರೆದದ್ದೇ ಹೆಚ್ಚು, ಅದರ ಮೇಲೆ ಮೆಷಿನ್ ಬೇರೆ ಕೇಳಬೇಕೇ ಎಂಬುದು ಅವರ ಗಾಬರಿ. ಮೇಡಂ ಕುರ್ಚಿಯಲ್ಲಿ ಕೂತು, ಕಳಿಸಿಯಾಗಿರುವ ಆ ಇಮೇಲನ್ನು ಮೇಲಿಂದ ಕೆಳಗೆ ಓದುತ್ತಾರೆ. ತಿದ್ದಲು ಒಂದೆರಡು ಕಡೆ ಜಾಗವಿದೆ. ತಿದ್ದುವ ಹೊತ್ತು ಮೀರಿದೆ.

"ನೋಡಿದ್ರಾ," ಎನ್ನುತ್ತಾರೆ ಕೊನೆಗೆ, ಮುಖದ ತುಂಬ ನಗು ತುಂಬಿಕೊಂಡು. "ನನ್ನನ್ನ ಒಂದು ಮಾತೂ ಕೇಳಲಿಲ್ಲ."