ಎರಡು ಲ್ಯಾಬ್‌ಗಳ ನಡುವಿನ ಹನ್ನೊಂದು ದಿನ

ಆ ಭಾನುವಾರ ದಿಲ್ಲಿಯ ಪೀತಮ್‌ಪುರಾದ ಮಾರ್ಕೆಟ್‌ನಲ್ಲಿ ನನ್ನ ಹೆಂಡತಿ ವಸುಧಾ ತರಕಾರಿ ಭಯ್ಯಾನೊಂದಿಗೆ ವಾದ ಮಾಡಿ ಕೊತ್ತಂಬರಿ ಪುಕ್ಕಟೆ ತಂದಳು. ಮನೆಗೆ ಬಂದು ಸೀರೆ ಬದಲಿಸುವಾಗ, "ಲಂಗದ ಲಾಡಿ ಸಾಲ್ತಾ ಇಲ್ಲ ರೀ" ಎಂದಳು.

"ಇನ್ನೆರಡು ಪರಾಠಾ ತಿನ್ನು" ಎಂದು ನಕ್ಕೆ.

ಹೊಟ್ಟೆಯಲ್ಲಿ ತುಂಬಿದ್ದು ನೀರು. ಅಂಡಾಶಯದ ಕ್ಯಾನ್ಸರ್.

ಕೀಮೋ ಶುರುವಾಯಿತು. ಅದು ಫಲಿಸುತ್ತಿದೆಯೇ ಎಂದು ತಿಳಿಯಲು ಆಗಾಗ ರಕ್ತದಲ್ಲಿ ಸಿಎ-125 ಪರೀಕ್ಷೆ. ಸಂಖ್ಯೆ ಇಳಿಯಬೇಕು. ಅದು ಇನ್ನೂರರ ಆಚೆಯೇ ನಿಂತಿತ್ತು. ಮೂರನೆಯ ಕೀಮೋ ನಂತರ ಆಸ್ಪತ್ರೆಯವರೆಗೆ ಹೋಗುವ ತ್ರಾಣ ಅವಳಿಗಿರಲಿಲ್ಲ. ಹತ್ತಿರದ ಲ್ಯಾಬ್‌ನವರನ್ನು ನಾನೇ ಮನೆಗೆ ಕರೆಸಿದೆ.

ನೂರಾ ನಲವತ್ತು.

"ಅಮ್ಮಾ, ದೇಖೋ, ಕಮ್ ಹೋ ಗಯಾ" ಎಂದು ಮಗಳು ಕಾವ್ಯಾ ಫೋನ್ ಹಿಡಿದು ಕುಣಿದಳು. ವಸುಧಾ ಅಂದು ಸಾರು ಕೇಳಿ, ಎರಡು ಸಲ ಅನ್ನ ಹಾಕಿಸಿಕೊಂಡಳು. ತುಮಕೂರಿನಿಂದ ಹೊರಡಲಿದ್ದ ಅವಳ ಅಕ್ಕನಿಗೆ ನಾನು ಫೋನ್ ಮಾಡಿದೆ. "ಈಗ ಅವಸರವಿಲ್ಲ ಅಕ್ಕಾ. ದಿಲ್ಲಿ ಚಳಿ ನಿಮಗಾಗಲ್ಲ, ಅದು ಮುಗಿದ ಮೇಲೆ ಬನ್ನಿ."

ಹನ್ನೊಂದನೆಯ ದಿನ ಡಾಕ್ಟರ್ ಹಳೆಯ ರಿಪೋರ್ಟನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟರು. ಪರೀಕ್ಷೆಯ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಅಳೆಯುವ ವಿಧಾನದ ಹೆಸರು. ಆಸ್ಪತ್ರೆಯದರಲ್ಲಿ ಇಸಿಎಲ್‌ಐಎ, ಹೊರಗಿನದರಲ್ಲಿ ಸಿಎಲ್‌ಐಎ. ಎರಡರಲ್ಲೂ ರಾಸಾಯನಿಕ ಹೊಮ್ಮಿಸುವ ಬೆಳಕನ್ನೇ ಯಂತ್ರ ಅಳೆಯುತ್ತದಂತೆ. ಮೊದಲನೆಯದರಲ್ಲಿ ಆ ಬೆಳಕನ್ನು ಎಬ್ಬಿಸುವುದು ವಿದ್ಯುತ್ತು.

"ತರೀಕಾ ಅಲಗ್, ನಂಬರ್ ಭೀ ಅಲಗ್. ವಿಧಾನ ಬೇರೆಯಾದ ಮೇಲೆ ಎರಡನ್ನೂ ಹೋಲಿಸುವಂತಿಲ್ಲ" ಎಂದು ಆಸ್ಪತ್ರೆಯಲ್ಲೇ ಮತ್ತೆ ರಕ್ತ ತೆಗೆಸಿದರು.

ಇನ್ನೂರ ಅರವತ್ತು.

ನಾನು ಓಖ್ಲಾದ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವನು. ಔಷಧದ ಡಬ್ಬಿಗಳ ಮೇಲಿನ ಇರುವೆಯಂಥ ಅಕ್ಷರಗಳನ್ನು ದಿನವಿಡೀ ತಿದ್ದುತ್ತೇನೆ. ಈ ಕಾಗದದಲ್ಲಿ ಮಾತ್ರ ಸಂಖ್ಯೆಯೊಂದನ್ನೇ ನೋಡಿ ಮಡಚಿಟ್ಟಿದ್ದೆ.

ಅವಳಿಗೆ ಹೇಳಿದೆ. ನನ್ನ ತಪ್ಪು ಎಂದೆ. "ಉಂಡ ಅನ್ನ ವಾಪಸ್ ಕೊಡ್ಬೇಕಾ ಈಗ?" ಎಂದಳು.

ಔಷಧ ಬದಲಾಯಿತು. ನಾಟಲಿಲ್ಲ. ಅಕ್ಕನನ್ನು ಮತ್ತೆ ಕರೆಸುವಷ್ಟರಲ್ಲಿ, ಚಳಿ ಮುಗಿಯುವ ಮೊದಲೇ ಹೋದಳು. ಅಕ್ಕ ತಲುಪಿದ್ದು ಮರುದಿನ. ಬಯ್ಯುತ್ತಾರೆಂದು ಕಾದೆ, ಬಯ್ಯಲಿಲ್ಲ.

ಆ ಹನ್ನೊಂದು ದಿನ ಅವಳು ಹಸಿದು ಉಂಡಳು, ಬೀದಿಯ ಸದ್ದಿಗೂ ಎಚ್ಚರಾಗದಂತೆ ಮಲಗಿದಳು. ಅಷ್ಟಕ್ಕೆ ನಾನು ಋಣಿ. ಆದರೆ ಅದರ ಬೆಲೆ ಕೊಟ್ಟವರು ಅವಳ ಅಕ್ಕ.

ಅಕ್ಕ ಆಗಾಗ ಫೋನ್ ಮಾಡುತ್ತಾರೆ. ಅವರು ಕನ್ನಡದಲ್ಲಿ, ಕಾವ್ಯಾ ಹಿಂದಿಯಲ್ಲಿ, ಹೇಗೋ ನಡೆಯುತ್ತದೆ. ನನ್ನ ಸರದಿ ಬಂದಾಗ ಊಟವಾಯಿತೇ ಎನ್ನುತ್ತಾರೆ. ಆಯಿತು ಎನ್ನುತ್ತೇನೆ. ಫೋನನ್ನು ಮತ್ತೆ ಕಾವ್ಯಾಳ ಕೈಗೆ ಕೊಡುತ್ತೇನೆ.

ಅಕ್ಕ ತಂಗಿಯರು ಕೊನೆಯ ಸಲ ಭೇಟಿಯಾಗಲಿಲ್ಲ.