ಸಭಾಗಿ ಮಗಳಿಗೆ ಮಾಡಿಸಿದ ಕೊನೆಯ ಸ್ನಾನ

ನಮ್ಮ ಸಿಂಧ್‌ನಲ್ಲಿ ಹೆಣ್ಣನ್ನು ಕೊಂದವನನ್ನು ಕ್ಷಮಿಸುವ ಹಕ್ಕು ಅವಳ ಮನೆಯವರದು. ಕೊಂದವನೂ ಹೆಚ್ಚಿನ ಸಲ ಮನೆಯವನೇ. ಇದು ಗೊತ್ತಿರಲಿಲ್ಲ ಎಂದು ಯಾರೂ ನಟಿಸಬೇಡಿ. ಗೌರವದ ಹೆಸರಲ್ಲಿ ಕೊಂದರೆ ಮನೆಯವರು ಕ್ಷಮಿಸಿದರೂ ಜೀವಾವಧಿ ತಪ್ಪದು ಎಂದು ಕಾನೂನು ತಿದ್ದಿ ವರ್ಷಗಳೇ ಆದವು. ಅಂದಿನಿಂದ ಸಿಂಧ್‌ನ ಗಂಡಸರು ಕಾಗದದ ಮೇಲೆ ಗೌರವಕ್ಕಾಗಿ ಕೊಲ್ಲುವುದನ್ನು ಬಿಟ್ಟಿದ್ದಾರೆ. ಈಗ ರೊಟ್ಟಿ ತಡವಾಯಿತೆಂದು ಕೊಲ್ಲುತ್ತಾರೆ.

ಸಭಾಗಿ ಶಿಕಾರ್‌ಪುರದ ಕಡೆಯ ಒಂದು ಕಾಲುವೆ ಊರಿನವಳು. ಹಳೆ ಬಟ್ಟೆಯ ತುಂಡು ಸೇರಿಸಿ ರಿಲ್ಲಿ ಎಂಬ ಕೌದಿ ಹೊಲಿಯುವುದು ಅವಳ ಕಸುಬು. ನಮ್ಮ ಮನೆಯ ಮಂಚದ ಮೇಲಿರುವುದೂ ಅವಳು ಹೊಲಿದದ್ದೇ. ಹನ್ನೊಂದು ವರ್ಷವಾಯಿತು, ಒಂದು ಎಳೆ ಬಿಟ್ಟಿಲ್ಲ. ಹೊಲಿಯುವಾಗ ಬಾಯಲ್ಲಿ ಸೂಜಿ ಇಟ್ಟುಕೊಂಡೇ ಊರಿನವರನ್ನೆಲ್ಲ ಬೈಯುತ್ತಿದ್ದಳು. ಹತ್ತೊಂಬತ್ತರ ಮಗಳು ಜೇಬುಲ್ ಪಕ್ಕದಲ್ಲಿ ಕೂತು ನಗುತ್ತಿದ್ದಳು. "ಅಮ್ಮಾ, ಸೂಜಿ ನುಂಗೀಯ, ಆಮೇಲೆ ನಿನ್ನನ್ನೇ ಹೊಲೀಬೇಕಾಗುತ್ತೆ" ಎನ್ನುತ್ತಿದ್ದಳು.

ಆ ಜೇಬುಲ್ ಕೈಯಲ್ಲಿ ಒಂದು ದಿನ ಅಣ್ಣ ಗುಲ್‌ಶೇರ್ ಮೊಬೈಲ್ ಕಂಡ. ಅದರಲ್ಲಿ ಹಿಟ್ಟಿನ ಗಿರಣಿಯ ಹುಡುಗನ ನಂಬರ್ ಇತ್ತು. ಅಷ್ಟೇ ಇದ್ದದ್ದು. "ಇವಳು ಕಾರಿ, ಮಾನಗೆಟ್ಟವಳು, ನಮ್ಮ ಮುಖಕ್ಕೆ ಮಸಿ ಬಳಿದಳು" ಎಂದು ಅಂಗಳದಲ್ಲಿ ಕೂಗಿ, ಹಿಟ್ಟು ನಾದುತ್ತಿದ್ದವಳ ಮೇಲೆ ಕೊಡಲಿ ಬೀಸಿದ. ಅಪ್ಪ ಬಚಲ್ ಅಲ್ಲೇ ಮಂಚದ ಮೇಲಿದ್ದ. ಸಭಾಗಿ ಚಿಕ್ಕ ಮಗಳು ಹನೀಫಾಳನ್ನು ಕರೆದುಕೊಂಡು ಕಾಲುವೆಗೆ ಬಟ್ಟೆ ಒಗೆಯಲು ಹೋಗಿದ್ದಳು. ಕೂಗನ್ನು ಬೇಲಿಯಾಚೆಯಿಂದ ಕೇಳಿದವಳು ನೆರೆಯ ನಾಜೋ ಒಬ್ಬಳೇ. ಅವಳು ಇವತ್ತಿಗೂ "ನಾನು ಒಲೆ ಊದ್ತಿದ್ದೆ, ಏನೂ ಕೇಳ್ಸಲಿಲ್ಲ" ಎನ್ನುತ್ತಾಳೆ, ಸಭಾಗಿಯ ಕಿವಿಯಲ್ಲಿ ಮಾತ್ರ ನಿಜ ಹೇಳಿದ್ದಾಳೆ.

ಇನ್ನು ನೋಡಿ ಬಚಲ್ ಮಾಡಿದ್ದನ್ನು. ಹೆಣ ಇನ್ನೂ ಅಂಗಳದಲ್ಲಿರುವಾಗಲೇ ಪೇಟ ಸುತ್ತಿಕೊಂಡು ಠಾಣೆಗೆ ನಡೆದ. ಸ್ವಂತ ಮಗನ ಮೇಲೆ ತಾನೇ ದೂರು ಕೊಟ್ಟು ಬಂದ.

"ಬರೆಸಿದೆ" ಎಂದ ಹೆಂಡತಿಗೆ. "ಮಗ ಅಂತ ನೋಡಲಿಲ್ಲ. ಈಗ ಅವಳಿಗೆ ಸ್ನಾನ ಮಾಡಿಸು. ಹೆಣಕ್ಕೆ ಹೊದಿಸೋ ಕಫನ್ ತಂದಿದೀನಿ."

ಸಭಾಗಿಗೆ ನಂಬಲಾಗಲಿಲ್ಲ. ಕಾರಿ ಎನಿಸಿಕೊಂಡವಳಿಗೆ ನಮ್ಮಲ್ಲಿ ಸ್ನಾನವಿಲ್ಲ, ಕಫನ್ ಇಲ್ಲ, ಅಳುವವರೂ ಇಲ್ಲ. ಊರಾಚೆಯ ಬೇರೆ ಮಣ್ಣಿನಲ್ಲಿ ಉಟ್ಟ ಬಟ್ಟೆಯಲ್ಲೇ ಹೂಳುತ್ತಾರೆ.

ನೀರು ಹೊತ್ತು ತಂದ ನಾಜೋ ಬಾಗಿಲಲ್ಲೇ ನಿಂತಳು. "ನಿಜವಾಗ್ಲೂ ತೊಳೀಬಹುದೇನೇ? ನಿನ್ ಗಂಡ ಒಪ್ಪಿದ್ನಾ?"

"ಅವನೇ ಹೇಳಿದ. ನಮ್ಮವರ ಗೋರಿಗಳ ಜೊತೇನೇ ಇಡ್ತೀನಿ ಅಂದ."

"ಹಾಗಾದ್ರೆ ನಿನ್ನ ಮನೇಲಿ ಒಬ್ಬ ಗಂಡಸಿದಾನೆ ಬಿಡು."

ಸಭಾಗಿ ಮಗಳ ಕೂದಲಿನಿಂದ ಹಿಟ್ಟನ್ನೂ ರಕ್ತವನ್ನೂ ಬಿಡಿಸಿದಳು. ಉಗುರಿನ ಸಂದಿಯಲ್ಲಿ ಒಣಗಿದ್ದ ಹಿಟ್ಟನ್ನು ತನ್ನ ಸೂಜಿಯಿಂದ ತೆಗೆದಳು. ಆ ಸಂಜೆ ಗಂಡನಿಗೆ ತಾನೇ ತುತ್ತು ಮಾಡಿ ತಿನ್ನಿಸಿದಳು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅಷ್ಟು ಪ್ರೀತಿ ಅವನ ಮೇಲೆ ಎಂದೂ ಬಂದಿರಲಿಲ್ಲ ಎಂದು ಎಷ್ಟೋ ದಿನದ ಮೇಲೆ ನನ್ನೆದುರೇ ಹೇಳಿದಳು. ಹೇಳಿ ಉಗಿದಳು.

ಏಕೆಂದರೆ ದೂರಿನಲ್ಲಿ ಬಚಲ್ ಬರೆಸಿದ್ದು ಇಷ್ಟು: ರೊಟ್ಟಿ ತಡವಾದ ವಿಷಯಕ್ಕೆ ಅಣ್ಣತಂಗಿಯರಿಗೆ ಜಗಳವಾಗಿ, ಸಿಟ್ಟಿನ ಭರದಲ್ಲಿ ಏಟು ಬಿದ್ದಿದೆ. ಮೊಬೈಲ್ ಇಲ್ಲ, ಗಿರಣಿ ಇಲ್ಲ, ಗೌರವದ ಸುದ್ದಿಯೇ ಇಲ್ಲ. ಬೇರೆ ಯಾರೂ ಹೋಗಿ ನಿಜ ಬರೆಸುವ ಮುಂಚೆ ತಾನು ಹೋಗಿದ್ದ. ದೂರುದಾರನೂ ಅವನೇ, ಕಣ್ಣಾರೆ ಕಂಡ ಏಕೈಕ ಸಾಕ್ಷಿಯೂ ಅವನೇ, ನಾಳೆ ಕ್ಷಮಿಸುವ ವಾರಸುದಾರನೂ ಅವನೇ. ಬೀಗವೂ ಕೀಲಿಯೂ ಒಂದೇ ಜೇಬಿನಲ್ಲಿ.

ಹದಿನಾಲ್ಕು ತಿಂಗಳ ನಂತರ ಕೋರ್ಟಿನಲ್ಲಿ ಬಚಲ್ ಎದ್ದು ನಿಂತು, "ದೇವರ ಹೆಸರಲ್ಲಿ ಮಗನನ್ನು ಕ್ಷಮಿಸಿದ್ದೇನೆ" ಎಂದ. ಸಭಾಗಿ ಎದ್ದು, "ನಾನು ಕ್ಷಮಿಸಿಲ್ಲ" ಎಂದಳು. "ಕಾರಿ ಅಂತ ಕೂಗಿ ಕೊಂದ. ನನ್ನ ಮಗಳು ಕಾರಿ ಅಲ್ಲ."

ಗುಲ್‌ಶೇರ್‌ನ ವಕೀಲ ಅವಳ ಕಡೆ ಮೆಲ್ಲಗೆ ತಿರುಗಿದ.

"ಮಾಯಿ, ನೀವು ಆಗ ಮನೇಲಿದ್ರಾ?"

"ಕಾಲುವೆ ಹತ್ರ ಇದ್ದೆ."

"ಕೂಗಿದ್ದನ್ನ ಕೇಳಿದವರು?"

ನಾಜೋ ಬಂದಿರಲಿಲ್ಲ. ಸಭಾಗಿ ಅವಳ ಹೆಸರು ಹೇಳಲಿಲ್ಲ.

"ಸರಿ. ನಿಮ್ಮೂರಲ್ಲಿ ಕಾರಿಗೆ ಸ್ನಾನ ಮಾಡಿಸ್ತಾರಾ?"

"ಇಲ್ಲ."

"ಕಫನ್ ಹೊದಿಸ್ತಾರಾ? ಹಿರಿಯರ ಜೊತೆ ಹೂಳ್ತಾರಾ?"

"ಇಲ್ಲ."

"ಜೇಬುಲ್‌ಗೆ ಸ್ನಾನ ಮಾಡಿಸಿದ್ದು ಯಾರು, ಮಾಯಿ?"

ಆಗ ಅವಳಿಗೆ ಅರ್ಥವಾಯಿತು. ಗಂಡನ ಕಡೆ ತಿರುಗಿದಳು. ಅವನು ಚಪ್ಪಲಿ ನೋಡುತ್ತಿದ್ದ.

"ನಾನೇ" ಎಂದಳು. "ಈ ಕೈಯಿಂದಲೇ."

"ಬರ್ಕೊಳ್ಳಿ ಸ್ವಾಮಿ" ಎಂದ ವಕೀಲ.

ಸ್ನಾನ ಮಾಡಿಸಿಕೊಂಡವಳು ಕಾರಿಯಲ್ಲ ಎಂದಾಯಿತು, ಗೌರವಕ್ಕಾಗಿ ಕೊಲೆ ಎಂಬುದು ಸಾಬೀತಾಗಲಿಲ್ಲ. ತಂದೆ ಕ್ಷಮಿಸಿದ್ದಾನೆ, ತಾಯಿ ಒಪ್ಪಿಲ್ಲವಾದ್ದರಿಂದ ಒಂದಿಷ್ಟು ಶಿಕ್ಷೆ ಇರಲಿ, ಈಗಾಗಲೇ ಜೈಲಿನೊಳಗೆ ಕಳೆದ ಹದಿನಾಲ್ಕು ತಿಂಗಳೇ ಸಾಕು ಎಂದಿತು ತೀರ್ಪು. ಒಂದು ರಿಲ್ಲಿ ಹೊಲಿಯಲು ಸಭಾಗಿ ಅದಕ್ಕಿಂತ ಹೆಚ್ಚು ದಿನ ಕೂತದ್ದುಂಟು.

ಕೋರ್ಟಿನ ಹೊರಗೆ ಬೇವಿನ ಮರದ ಕೆಳಗೆ ಗಂಡನನ್ನು ತಡೆದಳು. "ಸ್ನಾನ ಮಾಡಿಸು ಅಂದ್ಯಲ್ಲ, ಆವತ್ತೇ ಇದೆಲ್ಲ ಲೆಕ್ಕ ಹಾಕಿದ್ಯಾ?"

"ಠಾಣೇಲಿ ಒಬ್ರು ಹೇಳಿಕೊಟ್ರು" ಎಂದ ಬಚಲ್. "ಮಗಳಂತೂ ಹೋದ್ಳು. ಮಗನೂ ಹೋಗ್ಬೇಕಿತ್ತಾ? ಮಣ್ಣಾದ್ರೂ ಚೆನ್ನಾಗಿ ಸಿಕ್ತಲ್ಲ ಅವಳಿಗೆ, ನನ್ನಿಂದ."

ಗುಲ್‌ಶೇರ್ ಮನೆಗೆ ಬಂದ ದಿನ ಬಚಲ್ ಮಂಚದ ಮೇಲೆ ಹೊಸ ರಿಲ್ಲಿ ಹಾಸಿದ. ಅದು ಜೇಬುಲ್‌ಳ ಮದುವೆಗೆಂದು ಹೊಲಿದದ್ದು. ಮಗ ಅದರ ಮೇಲೆ ಕೂತು, "ಹನೀಫಾ, ರೊಟ್ಟಿ ತಾರೇ" ಎಂದ. ಹದಿಮೂರರ ಹುಡುಗಿ ತಟ್ಟೆ ಹಿಡಿದು ಅಲ್ಲೇ ನಿಂತಳು.

"ಏಳೋ" ಎಂದಳು ಸಭಾಗಿ. ಅವನು ನಕ್ಕ. ಅವಳು ರಿಲ್ಲಿಯ ಅಂಚು ಹಿಡಿದು ಜಗ್ಗಿದಳು. ಅವನು ನೆಲಕ್ಕೆ ಬಿದ್ದ. ಯಾರೂ ನಗಲಿಲ್ಲ. ರಿಲ್ಲಿಯನ್ನು ಹನೀಫಾಳಿಗೆ ಹೊದಿಸಿ, ಕೈ ಹಿಡಿದು ತಂಗಿಯ ಊರಿನ ದಾರಿ ಹಿಡಿದಳು. ಮೂರನೆಯ ದಿನ ಬಚಲ್ ನಾಲ್ವರು ಹಿರಿಯರೊಂದಿಗೆ ಅಲ್ಲಿಗೆ ಬಂದ. ಹೆಣ್ಣುಮಗು ಅಪ್ಪನ ಮನೆಯಲ್ಲಿರಬೇಕು ಎಂದರು. ಈಗ ತಾಯಿ ಮಗಳು ಅದೇ ಅಂಗಳದಲ್ಲಿದ್ದಾರೆ. ಬಟ್ಟೆ ಒಗೆಯಲು ಕಾಲುವೆಗೆ ಸಭಾಗಿ ಹೋಗುವುದಿಲ್ಲ. ಹನೀಫಾ ಹಿಟ್ಟು ನಾದುವಾಗ ಎದುರು ಕೂತಿರುತ್ತಾಳೆ, ಕೊಡಲಿಯನ್ನು ತನ್ನ ತೊಡೆಯ ಕೆಳಗಿಟ್ಟುಕೊಂಡು.

ಅವಳ ಸ್ಥೈರ್ಯವನ್ನು ಹೊಗಳಿ ನನಗೆ ಬರೆಯಬೇಡಿ. ನಿಮ್ಮ ಊರಲ್ಲಿ ಮುಂದಿನ ಹುಡುಗಿ ಸತ್ತಾಗ, ಅಪ್ಪನೇ ದೂರು ಕೊಟ್ಟನಂತೆ, ಎಂಥ ನ್ಯಾಯವಂತ ಎಂದು ಹೊಗಳುವ ಮುಂಚೆ ಠಾಣೆಗೆ ಹೋಗಿ. ಯಾಕೆ ಕೊಂದ ಎಂದು ಆ ಕಾಗದದಲ್ಲಿ ಏನು ಬರೆದಿದೆ, ಕೇಳಿ. ಸುಳ್ಳಾಗಿದ್ದರೆ, ಬೇಲಿಯಾಚೆಯಿಂದ ನೀವು ಕೇಳಿಸಿಕೊಂಡದ್ದನ್ನು ಅದರ ಪಕ್ಕದಲ್ಲೇ ಬರೆಸಿ ಸಹಿ ಹಾಕಿ. ಸಭಾಗಿಗೆ ಓದು ಬರುವುದಿಲ್ಲ. ನಿಮಗೆ ಬರುತ್ತದೆ. ಹೋಗಿ.