ಎಳೆ ಕೊಯ್ದ ದೊಡ್ಡವ್ವ

ಮೊನ್ನೆ ಪಕ್ಕದ ಮನೆಯವರು ಅಂಗಳದಲ್ಲಿ ಮಗ್ಗಕ್ಕೆ ಉದ್ದ ಎಳೆಗಳ ಹಾಸು ಹೂಡಿ ನೂಲಿಗೆ ಗಂಜಿ ಹಚ್ಚುತ್ತಿದ್ದರು. ಹುಳಿ ಬಂದ ಜೋಳದ ಗಂಜಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ಹಳೆಯ ವಾಸನೆ ಬಂದರೆ ಬೇರೆಯವರಿಗೆ ಕಣ್ಣು ತುಂಬುತ್ತದಂತೆ. ನಾನು ಹಲ್ಲು ಕಡಿಯುತ್ತೇನೆ. ಆ ವಾಸನೆಯ ಹಿಂದೆ ಗಜೇಂದ್ರಗಡದ ನೇಕಾರರ ಓಣಿ ಇದೆ, ನಮ್ಮ ಮನೆಗೆ ಗೋಡೆ ಹಂಚಿಕೊಂಡ ಮನೆ ಇದೆ, ಆ ಮನೆಯ ದೊಡ್ಡವ್ವ ಇದ್ದಾಳೆ...

ರಕ್ತಸಂಬಂಧವೇನೂ ಇರಲಿಲ್ಲ. ಓಣಿಯ ಹುಡುಗರೆಲ್ಲ ಕರೆದಂತೆ ನಾನೂ ದೊಡ್ಡವ್ವ ಎನ್ನುತ್ತಿದ್ದೆ. ಎತ್ತರದ ಆಳು, ಗಟ್ಟಿ ಗಂಟಲು. ಅವಳು ಬೈಯಲು ನಿಂತರೆ ಓಣಿಯ ನಾಯಿಗಳೂ ಜಾಗ ಬಿಡುತ್ತಿದ್ದವು.

ನನ್ನ ಅಪ್ಪ ರೋಣದ ಸಂತೆಗೆ ಸೀರೆ ಮಾರಲು ಹೋದವನು ಪಾದ್ರಿಯೊಬ್ಬರ ಮಾತು ಕೇಳಿ ಬಂದ. ಮತ್ತೆ ಹೋದ, ಮತ್ತೆ ಕೇಳಿದ. ಕೊನೆಗೆ ಅಪ್ಪ, ಅವ್ವ, ನಾನು ಮೂವರೂ ದೀಕ್ಷಾಸ್ನಾನ ಪಡೆದೆವು. ಪಾದ್ರಿಗಳು ಕುದುರೆ ಏರಿ ಬಂದರು, ಕುದುರೆ ಏರಿ ಹೋದರು. ಓಣಿಯಲ್ಲಿ ಬದುಕಬೇಕಾದವರು ನಾವು. ಬಾವಿ ನಮಗೆ ಮುಚ್ಚಿತು. ಒಲೆಗೆ ಕೆಂಡ ಕೇಳಿದರೆ ಬಾಗಿಲು ಹಾಕಿಕೊಂಡರು. ಅದೇ ಬೇಸಿಗೆಯಲ್ಲಿ ವಾಂತಿಭೇದಿಯಿಂದ ಅಪ್ಪ ತೀರಿಕೊಂಡಾಗ ಹೆಗಲು ಕೊಡಲು ಒಬ್ಬ ಗಂಡಸೂ ಬರಲಿಲ್ಲ. ಅವ್ವ ಮಗ್ಗದ ಕೋಲುಗಳಿಗೆ ಹೆಣ ಕಟ್ಟಿದಳು. ಮುಂದೆ ಅವಳು, ಹಿಂದೆ ನಾನು ಹೊತ್ತೆವು. ಓಣಿಯವರು ಕಟ್ಟೆಗಳ ಮೇಲೆ ಕುಳಿತು ನೋಡಿದರು. ಅವರಲ್ಲಿ ಒಬ್ಬರನ್ನೂ ನಾನು ಮರೆತಿಲ್ಲ.

ದೊಡ್ಡವ್ವನಿಗೆ ಒಬ್ಬನೇ ಮಗ, ನನಗಿಂತ ಐದಾರು ವರ್ಷ ದೊಡ್ಡವನು. ನನಗೆ ಪ್ರಾಯಶ್ಚಿತ್ತ ಮಾಡಿಸಿ, ಕುಲಕ್ಕೆ ತಿರುಗಿಸಿ, ಅವನಿಗೆ ಕಟ್ಟಬೇಕೆಂದು ಅವಳ ಹಟ. ಪ್ರೀತಿ ಎಂದು ಯಾರೂ ತಿಳಿಯಬೇಡಿ. ಅವಳಿಗೆ ಬೇಕಾದದ್ದು ನನ್ನ ದುಡಿಯುವ ಕೈ, ನಮ್ಮ ಮನೆಯ ಮಗ್ಗ. ಕುಲದ ಹಿರಿಯರೂ ಅವಳ ಕಡೆಯೇ. ಅವರು ನಮ್ಮ ಬಾಗಿಲಲ್ಲಿ ನಿಂತು ಅವ್ವನಿಗೆ ಹೇಳಿದರು: "ಅಮಾಸಿಗೆ ಬರ್ತೀವಿ. ನಿನ್ನ ಮಗ್ಗ ನಡದಿದ್ರ ಹುಡುಗಿ ನಿನ್ನ ಹತ್ರ ಇರ್ಲಿ. ಮಗ್ಗ ನಿಂತಿದ್ರ ಆಕೀನ ಪಕ್ಕದ ಮನೀಗೆ ಕಳಸ್ತೀವಿ."

ಅವ್ವ ಹೂಂ ಎಂದಳು. ನೇಯಲು ಮಗ್ಗದ ಕುಣಿಗೆ ತಾನೇ ಇಳಿದಳು.

ನೇಯ್ಗೆ ತಿಳಿಯದವರಿಗೆ ಒಂದು ಮಾತು ಹೇಳಬೇಕು. ಒಂದು ಹಾಸು ನೇಯ್ದು ಮುಗಿದಾಗ ನಾವು ಎಳೆಗಳನ್ನು ಪೂರ್ತಿ ಕಿತ್ತು ತೆಗೆಯುವುದಿಲ್ಲ. ಹಳೆಯ ಎಳೆಗಳ ತುದಿಯನ್ನು ಮಗ್ಗದ ಬಾಚಣಿಗೆಯಂಥ ಹಣಿಗೆಯಲ್ಲೇ ಬಿಟ್ಟು, ಬೆರಳಿಗೆ ಬೂದಿ ಹಚ್ಚಿಕೊಂಡು, ಹೊಸ ಹಾಸನ್ನು ಒಂದೊಂದೇ ಎಳೆಯಾಗಿ ಅದಕ್ಕೆ ಹೊಸೆದು ಕೂಡಿಸುತ್ತೇವೆ. ಹಳೆಯದು ಹೊಸದನ್ನು ಎಳೆದುಕೊಂಡು ಹೋಗುತ್ತದೆ. ಹಳೆಯ ತುದಿಗಳು ಹೋದವೋ, ಪ್ರತಿ ಎಳೆಯನ್ನೂ ಹಣಿಗೆಯ ಸಂದಿಯಲ್ಲಿ ಮೊದಲಿನಿಂದ ಪೋಣಿಸಬೇಕು. ಸಾವಿರಾರು ಎಳೆ. ವಂಶ ನಿಂತುಹೋದ ಮನೆಯಲ್ಲಿ ಮಾತ್ರ ಆ ತುದಿಗಳನ್ನು ಕೊಯ್ಯುತ್ತಿದ್ದರು.

ಒಂದು ದಿನ ಅವ್ವ, ನಾನು ದೂರದ ಹಳ್ಳದಿಂದ ನೀರು ಹೊತ್ತು ಬರುವಷ್ಟರಲ್ಲಿ ನಮ್ಮ ಮಗ್ಗದ ಎಳೆಗಳು ನೆಲಕ್ಕೆ ಬಿದ್ದಿದ್ದವು. ಹಣಿಗೆ ಬೋಳಾಗಿತ್ತು. ಯಾರು ಎಂದು ಹುಡುಕುವ ಕೆಲಸವೇ ಬೀಳಲಿಲ್ಲ. ದೊಡ್ಡವ್ವ ಗೋಡೆಯ ಮೇಲಿಂದ ಮುಖ ತೋರಿಸಿ, "ನಾನ ಕೊಯ್ದೀನಿ. ಏನ್ ಮಾಡ್ತಿ ಮಾಡ್ಕೋ," ಎಂದಳು.

ನಾನು ಕುಡುಗೋಲು ಹಿಡಿದು ಎದ್ದೆ. ಅವ್ವ ನನ್ನ ರಟ್ಟೆ ಹಿಡಿದು ಕೂರಿಸಿದಳು. ಹೊಸ ನೂಲು ಬಿಚ್ಚಿ, ಹಣಿಗೆ ತೊಡೆಯ ಮೇಲಿಟ್ಟುಕೊಂಡು ಮೊದಲ ಎಳೆ ಪೋಣಿಸಿ ದೇವರಿಗೆ ಹೇಳಿದಳು. "ಬೆಣ್ಣಿಹಳ್ಳದ ಪೂರದಾಗ ಚಕ್ಕಡಿ ತೇಲಿದಾಗ ದಂಡಿಗೆ ಹಚ್ಚಿದೆಪ್ಪ, ಸ್ತೋತ್ರ." ಇನ್ನೊಂದು ಎಳೆ. "ಯಾವಗಲ್ ದಾರ್ಯಾಗ ಹಸದ ಬಿದ್ದಾಗ ನುಚ್ಚು ಕೊಡಿಸಿದಿ, ಸ್ತೋತ್ರ."

ಹೀಗೆ ದಿನವಿಡೀ. ದೊಡ್ಡ ಉಪಕಾರಗಳು ಬೇಗ ತೀರಿದವು. ಆಮೇಲೆ ಅವ್ವ ಸಣ್ಣವಕ್ಕೆ ಇಳಿದಳು. ಎತ್ತು ಒದೆಯಲಿಲ್ಲ, ಸ್ತೋತ್ರ. ಉಪ್ಪಿನಕಾಯಿಗೆ ಬೂಜು ಬರಲಿಲ್ಲ, ಸ್ತೋತ್ರ. ಗೋಡೆಯಾಚೆಯಿಂದ ದೊಡ್ಡವ್ವ ಕೂಗಿದಳು: "ನಿನ್ನ ದೇವ್ರಿಗೆ ಬ್ಯಾರೆ ಉದ್ಯೋಗ ಇಲ್ಲೇನ? ಉಪ್ಪಿನಕಾಯಿ ಕಾಯ್ಕೊಂತ ಕುಂತಾನೇನ?"

ನನಗೂ ರೇಗಿಹೋಯಿತು. "ಹಳೇದೆಲ್ಲಾ ಹೇಳಿದ್ರ ಏನ ಬರ್ತೈತಿ ಅವ್ವ? ಅಮಾಸಿ ಬಂದ ಬಿಡ್ತು," ಎಂದೆ.

ಅವ್ವ ಎಳೆಯಿಂದ ಕಣ್ಣು ಎತ್ತಲಿಲ್ಲ. "ಮುಂದಿಂದು ನಂಗ ಕಾಣೂದಿಲ್ಲ ಮಗಳ. ಹಿಂದಿಂದು ಕಾಣ್ತೈತಿ. ಕಾಣೂದನ್ನ ಹಿಡಕೊಂಡ ಕುಂತೀನಿ."

ಅಮಾವಾಸ್ಯೆಯ ಬೆಳಿಗ್ಗೆ ಹಣಿಗೆ ಅರ್ಧವೂ ತುಂಬಿರಲಿಲ್ಲ. ಹಿರಿಯರು ಬಂದರು, ಬೋಳು ಮಗ್ಗ ನೋಡಿದರು, ದೊಡ್ಡವ್ವನ ಕಟ್ಟೆಯ ಮೇಲೆ ಹೋಗಿ ಕುಳಿತರು. ಅವಳು ಅವರಿಗೆ ಮಜ್ಜಿಗೆ ಕೊಡುತ್ತಿದ್ದಳು. ನನ್ನನ್ನು ಕರೆಯುವುದಷ್ಟೇ ಬಾಕಿ. ನಾನು ನೂಲು ಕೆಳಗಿಟ್ಟು ಬಾಗಿಲ ಕಡೆ ನೋಡಿದೆ. ಅವ್ವ ಮಾತ್ರ ಇನ್ನೊಂದು ಎಳೆ ತೆಗೆದುಕೊಂಡಳು. ದನಿ ಸಣ್ಣಗಾಗಿತ್ತು, ಆದರೂ ಗೋಡೆಯಾಚೆ ಕೇಳುವಷ್ಟಿತ್ತು.

"ಈಕೀನ ಹಡದಾಗ ಜ್ವರಾ ಬಂದು ನನ್ನ ಹಾಲ ಬತ್ತಿತ್ತು. ಕೂಸು ಹೋಗೇ ಬಿಡೂದಿತ್ತು. ಹಿತ್ತಲ ಬಾಗ್ಲಿಂದ ಒಬ್ಬಾಕಿ ತಾಯೀನ ಕಳಿಸಿದೆಪ್ಪ, ಸ್ತೋತ್ರ."

ನಾನು ಅದನ್ನು ಕೇಳಿದ್ದು ಅದೇ ಮೊದಲು. ಆಚೆ ಮಜ್ಜಿಗೆಯ ತಂಬಿಗೆ ಕೆಳಗೆ ಬಿದ್ದ ಸದ್ದಾಯಿತು. ದೊಡ್ಡವ್ವ ನಮ್ಮ ಹೊಸ್ತಿಲು ತುಳಿದು ಒಳಗೇ ಬಂದಳು. ಅವಳ ಹಿಂದೆ ಹಿರಿಯರೂ ಬಂದರು.

"ಯಾರು ಕಳಿಸಿದ್ರು? ನಿನ್ನ ದೇವ್ರ? ನಾ ಬಂದಿದ್ದೆ! ನನ್ನ ಕಾಲೀಲೆ, ನಮ್ಮ ಅತ್ತಿ ಕಣ್ಣ ತಪ್ಪಿಸಿ ಬಂದಿದ್ದೆ! ನನ್ನ ಹೆಣ್ಣಕೂಸು ಮಣ್ಣಿಗೆ ಹೋಗಿ ನನ್ನ ಎದಿ ಒಡೀತಿತ್ತು. ಅದಕ್ಕ ಈಕಿ ಬಾಯಾಗ ಇಟ್ಟೆ. ನನ್ನ ಕೂಸು ಸತ್ತಿದ್ದಕ್ಕ ನೀ ಸ್ತೋತ್ರ ಹೇಳ್ತಿಯೇನ?"

ಅವ್ವನ ಕೈ ನಿಂತಿತು. ಅತ್ತಳು. "ಅದು ನಂಗ ತಿಳಿಯೂದಿಲ್ಲಕ್ಕ. ನೀ ಬಂದಿ. ನನ್ನ ಮಗಳು ಉಳದ್ಲು. ಅಷ್ಟ ನಂಗ ಗೊತ್ತು."

ಹಿರಿಯರಲ್ಲಿ ವಯಸ್ಸಾದವನು ದೊಡ್ಡವ್ವನ ಕಡೆ ತಿರುಗಿದ. "ಈಕಿ ನಿನ್ನ ಎದಿ ಹಾಲ ಕುಡದಾಳೇನ?"

ಇಲ್ಲ ಎಂದಿದ್ದರೆ ಆಗುತ್ತಿತ್ತು. ಒಂದು ಸುಳ್ಳು ಹೇಳಿದ್ದರೆ ನಾನು ಆ ದಿನವೇ ಅವಳ ಮನೆಯ ಸೊಸೆ. ಅವಳು ನನ್ನನ್ನು ನೋಡಿದಳು. ಆ ನೋಟದಲ್ಲಿ ಕರುಣೆ ಇತ್ತೆಂದು ಹೇಳಲಾರೆ... ಇರಲಿಲ್ಲ. "ಹೌದ್ರಿ," ಎಂದಳು.

"ಹಂಗಾದ್ರ ಈಕಿ ನಿನ್ನ ಮಗಗ ತಂಗಿ. ಒಂದ ಎದಿ ಹಾಲ ಕುಡದಾರು. ಮದವಿ ಮಾತ ಮುಗೀತು," ಎಂದು ಹಿರಿಯ ಚಪ್ಪಲಿ ಮೆಟ್ಟಿದ.

ಅಂದಿನಿಂದ ದೊಡ್ಡವ್ವ ಒಳ್ಳೆಯವಳಾದಳು ಎಂದು ಬರೆದರೆ ಸುಳ್ಳಾಗುತ್ತದೆ. ದಿನಾ ಮುಸುರೆ ನೀರು ತಂದು ನಮ್ಮ ಬಾಗಿಲಿಗೆ ಚೆಲ್ಲುತ್ತಿದ್ದಳು. ನನ್ನ ನೆರಳು ಕಂಡರೆ ಉಗುಳುತ್ತಿದ್ದಳು. ನರಗುಂದದ ಗುಡ್ಡಕ್ಕೆ ಇಂಗ್ರೇಜರ ದಂಡು ಮುತ್ತುವ ಮೊದಲೇ ಅವ್ವ, ನಾನು ಹಣಿಗೆ ಕಟ್ಟಿಕೊಂಡು ಪಾದ್ರಿಗಳ ಸಭೆಯಿದ್ದ ಬೆಟಗೇರಿಗೆ ನಡೆದೆವು. ನಾವು ಓಣಿ ದಾಟುವಾಗ ದೊಡ್ಡವ್ವ ಬಾಗಿಲು ತೆರೆಯಲಿಲ್ಲ.

ಬೆಟಗೇರಿಯಲ್ಲಿ ನನಗೆ ಮದುವೆಯಾಯಿತು. ಮೊದಲ ಕೂಸು ಉಳಿಯಲಿಲ್ಲ. ಎದೆ ತುಂಬಿ ಬಿಗಿದು ಕಲ್ಲಾಗಿತ್ತು. ಸಭೆಯ ಹೆಂಗಸರು ಬಂದು ದೇವರ ಚಿತ್ತ ಎಂದರು. ಅವರನ್ನೆಲ್ಲ ಹೊರಗೆ ಹಾಕಿ ಕದ ಮುಚ್ಚಿದೆ. ಪ್ರಾರ್ಥನೆ ಬಾಯಿಗೆ ಬರಲಿಲ್ಲ. ಅವ್ವ ಮಾಡಿದಂತೆ ಹಿಂದಿನದನ್ನು ಹಿಡಿಯಲು ನೋಡಿದೆ. ಬೆಣ್ಣಿಹಳ್ಳ ಎಂದೆ, ಯಾವಗಲ್ ಎಂದೆ, ಹಾಲಿಗೆ ಬಂದು ನಿಂತೆ. ಇಂಥದೇ ಎದೆ ಹೊತ್ತುಕೊಂಡು ಒಬ್ಬಳು ಕದ ತೆರೆದು ಪಕ್ಕದ ಮನೆಗೆ ನಡೆದಿದ್ದಳು. ಅದು ಎಷ್ಟು ದೂರದ ದಾರಿ ಎಂದು ನನಗೆ ಆಗ ಗೊತ್ತಾಯಿತು. ದೇವರು ನನ್ನನ್ನು ಕೈಬಿಟ್ಟಿಲ್ಲ ಎಂದು ಆವತ್ತು ನಂಬಿದ್ದು ಅವಳು ನಡೆದು ಬಂದ ಆ ಒಂದರಿಂದ. ಎದ್ದು ಒಲೆ ಹೊತ್ತಿಸಿದೆ.

ಅವ್ವ ಈಗಿಲ್ಲ. ದೊಡ್ಡವ್ವ ತೀರಿಯೂ ಬಹಳ ವರ್ಷವಾಯಿತೆಂದು ಗಜೇಂದ್ರಗಡದ ಕಡೆಯವರು ಈಚೆಗೆ ಹೇಳಿದರು. ಎಳೆ ಕೊಯ್ದದ್ದನ್ನು ನಾನು ಕ್ಷಮಿಸಿಲ್ಲ. ಪಾದ್ರಿಗಳು ಕ್ಷಮಿಸಬೇಕು ಎನ್ನುತ್ತಾರೆ. ಅವರ ಹಣಿಗೆ ಯಾರೂ ಬೋಳು ಮಾಡಿಲ್ಲ. ಆದರೆ ದಿನಾ ಸ್ತೋತ್ರ ಹೇಳುವಾಗ ಅವಳನ್ನು ಬಿಟ್ಟು ಮುಂದೆ ಹೋಗಲು ನನಗೆ ಬರುವುದಿಲ್ಲ. ಹಾಲಿಗೆ ಸ್ತೋತ್ರ ಎನ್ನುತ್ತೇನೆ. ನನ್ನ ಕೂಸು ಸತ್ತಿದ್ದಕ್ಕ ಸ್ತೋತ್ರ ಹೇಳ್ತಿಯೇನ ಎಂದು ಕೇಳಲು ಈಗ ಗೋಡೆಯಾಚೆ ಯಾರೂ ಇಲ್ಲ. ಆ ಕೂಸು ಯಾಕೆ ಸಾಯಬೇಕಿತ್ತು ಎಂದು ಅವಳ ಪರವಾಗಿ ನಾನೇ ದೇವರನ್ನು ಕೇಳುತ್ತೇನೆ.